ಕೋಡಿ ಬಿತ್ತು ಅಂದರೆ

ಮಲ್ಲತ್ತಹಳ್ಳಿ
೧೬-೧೦-೨೦೦೬, ಸೋಮವಾರ

ಜ್ಯೋತಿಲಕ್ಷ್ಮಿಗೆ ನಿನ್ನ ಅಜ್ಜಿ ಪಟಾಲಮ್ಮ ಬೈಯುವುದೇನೆಂದರೆ,

ಮೂವತ್ತನಾಲ್ಕು ವರ್ಷದ ಹೆಂಗಸು ನೀನು. ಯೂನಿವರ್ಸಿಟಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಯಾರೋ ಮೂರು ಮಾತು ಅಂದರು ಅಂತ ಊಟ ಬಿಟ್ಟು, ಬಟ್ಟೆ ತುಂಬಿಕೊಂಡು ಧಾರವಾಡದ ಬಸ್ಸು ಹತ್ತಿದೆಯಲ್ಲ, ಹೆದರಿದ್ದು ಯಾರಿಗೆ? ಆ ಪಂಚಾಕ್ಷರಿ ಮೇಷ್ಟರಿಗೋ, ನನಗೋ? ಮೊಬೈಲಿಗೆ ಫೋನು ಮಾಡಿದರೆ ಯಾವಳೋ ಒಬ್ಬಳು ಸ್ವಿಚ್ ಆಫ್ ಆಗಿದೆ ಅನ್ನುತ್ತಾಳೆ. ಅವಳಿಗೂ ಬೈದೆ. ಪಾಪ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಇನ್ನೊಂದು ಸಲ ಹೇಳಿದಳು. ನಿನ್ನಮ್ಮನ ಹತ್ತಿರ ಮಾತ್ರ ಗೆಸ್ಟ್ ಹೌಸಿನ ಫೋನಿನಿಂದ ಎರಡು ನಿಮಿಷ ಮಾತಾಡುತ್ತೀಯಂತೆ. ಅಜ್ಜಿಗೆ ಕೊಡಲಾ ಅಂದರೆ, ಕ್ಲಾಸಿಗೆ ಹೊತ್ತಾಯಿತು ಅನ್ನುತ್ತೀಯಂತೆ. ಭಾನುವಾರ ಯಾವ ಕ್ಲಾಸು ಕಣೇ?

ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಸ್ವಿಚ್ ಆಫ್ ಮಾಡುವುದಕ್ಕೆ ಆಗುವುದಿಲ್ಲ. ಹರಿದು ಹಾಕಬಹುದು. ಹರಿಯುವುದಿದ್ದರೆ ಕೊನೆಯ ಪುಟದ ಹಿಂಭಾಗವನ್ನೂ ಓದಿ ಆಮೇಲೆ ಹರಿ.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನಿನ್ನಪ್ಪ ರಿಟೈರಾದ ಮೇಲೆ ದಿನಕ್ಕೆ ಎರಡು ಸಲ ಪೇಪರು ಓದುತ್ತಾನೆ, ಬೆಳಿಗ್ಗೆ ಓದಿದ್ದನ್ನೇ ಸಂಜೆ ಹೊಸದಾಗಿ ಬಯ್ಯುತ್ತಾನೆ. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಕಲ್ಲಿನ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಒಳಗೆ ಟೀವಿ ಗಲಾಟೆ. ಕಲ್ಲಿನ ಮೇಲಿನ ಗೆರೆ ಸಿಕ್ಕಿದ ಕಡೆಯೆಲ್ಲ ಪೆನ್ನು ಹಾಳೆಯನ್ನು ತೂತು ಮಾಡುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಕಲ್ಲನ್ನು ಬೈದುಕೋ, ನನ್ನನ್ನಲ್ಲ. ನಾಲ್ಕನೇ ಕ್ಲಾಸಿನವರೆಗೆ ನನ್ನ ಅಕ್ಷರ ಊರಿಗೇ ಚೆನ್ನಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಧಾರವಾಡದಲ್ಲಿ ಮೂರು ವಾರ ಟ್ರೇನಿಂಗು ಅಂತ ನಮಗೆ ಹೇಳಿದೆ. ಅದು ನಿಜ. ಟ್ರೇನಿಂಗು ಮುಗಿಸಿ ಬಂದು, ಪರಿಸರದ ಕೋರ್ಸು ನನ್ನ ಕೈಲಾಗದು, ನನ್ನನ್ನು ಮತ್ತೆ ಬಾಟನಿ ವಿಭಾಗಕ್ಕೇ ಹಾಕಿ ಅಂತ ಬರೆದುಕೊಡುತ್ತೀಯಂತಲ್ಲ, ಅದನ್ನು ಹೇಳಲಿಲ್ಲ. ಅದನ್ನು ಹೇಳಿದ್ದು ನಿನ್ನ ವಿದ್ಯಾರ್ಥಿನಿ ನೀಲಾಂಬಿಕಾ. ನೀನು ಬಿಟ್ಟರೆ ಕೋರ್ಸು ಮುಚ್ಚುತ್ತಾರೆ. ಮೊದಲ ವರ್ಷದವರನ್ನೂ ಎರಡನೇ ವರ್ಷದವರನ್ನೂ ಅಲ್ಲಿಗಿಷ್ಟು ಇಲ್ಲಿಗಿಷ್ಟು ಅಂತ ಹಂಚುತ್ತಾರೆ. ಸಿಂದಗಿಯಿಂದ ಬಂದಿರುವ ಆ ಹುಡುಗಿಗೆ ಹಾಸ್ಟೆಲು ಸಿಕ್ಕಿರುವುದು ಈ ಕೋರ್ಸಿನ ಹೆಸರಲ್ಲಿ. ಊರಿಗೆ ಹೋದರೆ ಮದುವೆ ಮಾಡಿಬಿಡುತ್ತಾರಂತೆ. ಮಾವನ ಮಗ ಲಾರಿ ಇಟ್ಟುಕೊಂಡಿದ್ದಾನಂತೆ. "ಹುಡುಗ ಛಲೋ ಅದಾನ್ರಿ ಅಜ್ಜಿ, ಆದ್ರ ನನಗ ಇನ್ನೂ ಒಂದು ವರ್ಷ ಓದೂದೈತಿ" ಅಂದಳು.

ಐದು ವರ್ಷದ ಹಿಂದೆ ಈ ಕೋರ್ಸು ಶುರು ಮಾಡಿದಾಗ ನೀನು ಹೇಗಿದ್ದೆ, ನೆನಪಿದೆಯಾ? ಮೆಟ್ಟಿಲ ಕೆಳಗಿನ ಉಗ್ರಾಣ ಕೊಟ್ಟು ಇದೇ ನಿಮ್ಮ ಲ್ಯಾಬು ಅಂದರು. ನೀನೇ ಪೊರಕೆ ಹಿಡಿದು ಗುಡಿಸಿ, ಸುಣ್ಣ ಹೊಡೆಸಿ, ನಮ್ಮನೆಯ ಹಳೇ ಊಟದ ಮೇಜನ್ನು ಆಟೋದಲ್ಲಿ ಹೊತ್ತುಕೊಂಡು ಹೋದೆ. ಟೈಂಟೇಬಲು ಬರೆಯುವವಳು ನೀನು, ಬೇರೆ ವಿಭಾಗದ ಮೇಷ್ಟರುಗಳ ಕೈಕಾಲು ಹಿಡಿದು ಕ್ಲಾಸಿಗೆ ಕರೆತರುವವಳು ನೀನು, ಕೆರೆ ನೋಡಲು ಬಸ್ಸು ಬೇಕು ಅಂತ ಹದಿನೇಳು ಸಹಿ ಹಾಕಿಸುವವಳೂ ನೀನೇ. ಬಸ್ಸು ಬರದಿದ್ದರೆ ಸಿಟಿ ಬಸ್ಸಿನಲ್ಲೇ ಮಕ್ಕಳನ್ನು ನೂಕಿಕೊಂಡು ಕೆಂಗೇರಿಗೆ ಹೋಗಿದ್ದೀಯ. ಎದುರುಮನೆಯ ರಾಮಮ್ಮ "ನಿಮ್ಮ ಮೊಮ್ಮಗಳು ಅದೇನು ಕಲಿಸ್ತಾಳೆ ಪಟಾಲಮ್ಮ, ಗಿಡ ನೆಡೋಕೂ ಡಿಗ್ರಿನಾ?" ಅಂತ ಕೇಳಿದಾಗ ನಾನು ಸುಮ್ಮನಿರಲಿಲ್ಲ. "ನಿಮ್ಮನೆ ಮೋರಿ ನೀರು ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ವಲ್ಲ. ಅದನ್ನ ಕಲಿಸ್ತಾಳೆ" ಅಂದೆ. ರಾಮಮ್ಮ ಎರಡು ದಿನ ಮಾತು ಬಿಟ್ಟಳು.

ಆಮೇಲೆ ಹೋದ ವರ್ಷ ಅಕ್ಟೋಬರಿನ ಮಳೆ ಬಂತು. ರಾಮಮ್ಮನ ಮನೆಯೂ ಸೇರಿ ನಮ್ಮ ಎದುರು ಸಾಲಿಗೆಲ್ಲ ಮಂಡಿಯುದ್ದ ನೀರು ನುಗ್ಗಿತು. ಅವಳ ಗಂಡ ಮಂಚದ ಮೇಲೆ ನಿಂತು ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡಿದ್ದ. ನಮ್ಮೂರ ಬೈರಮ್ಮನ ಕೆರೆ ತುಂಬಿದರೆ ನೀರು ಹೋಗುವ ದಾರಿ ಯಾವುದು, ಊರೊಳಕ್ಕೆ ಯಾಕೆ ಬಂತು ಅಂತ ನೀನು ಮಕ್ಕಳ ಕೈಲಿ ವರದಿ ಬರೆಸಲು ಹೊರಟೆ. ಒಳ್ಳೆಯ ಕೆಲಸ. ಹಳಬರನ್ನು ಕೇಳಿಕೊಂಡು ಬನ್ನಿ ಅಂತ ಮನೆಮನೆಗೆ ಅಟ್ಟಿದೆ. ನೀರುಗಂಟಿ ಹನುಮಯ್ಯನ ಸೊಸೆ ಅಂತ ನನ್ನ ಹತ್ತಿರ ನೀಲಾಂಬಿಕಾಳನ್ನು ಕಳಿಸಿದೆ. ನಿನ್ನ ಮುತ್ತಾತ ಮೂವತ್ತು ವರ್ಷ ಆ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಹಂಚಿದವರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವರು ಹೇಳಿದರೆ ಗೌಡರೂ ತುಟಿ ಪಿಟಕ್ ಅನ್ನುತ್ತಿರಲಿಲ್ಲ.

ಆ ಹುಡುಗಿ ಮಾರ್ಚಿನಲ್ಲಿ ಬಂದು ಟೇಪು ಇಟ್ಟುಕೊಂಡು ಕೂತಳು. ನಾನು ಹೇಳಿದ್ದು ಇಷ್ಟು: ನಿಮ್ಮ ಮೇಡಂಗೆ ಮೂರು ವರ್ಷ, ನನ್ನ ಸೊಂಟದ ಮೇಲಿದ್ದಳು, ಆ ವರ್ಷವೇ ಕಡೆಯ ಸಲ ಕೆರೆ ಕೋಡಿ ಬಿತ್ತು. ಅವಳು ಬರೆದದ್ದು ಇಷ್ಟು: ೧೯೭೫ರಲ್ಲಿ ಕೆರೆಯ ಕೋಡಿ ಬಿದ್ದುಹೋಯಿತು, ಆದ್ದರಿಂದ ಈಗ ಈ ಕೆರೆಗೆ ಕೋಡಿ ಇಲ್ಲ.

ನಾನು ಹೇಳಿದ್ದು ಸರಿ, ಅವಳು ಬರೆದದ್ದು ತಪ್ಪು. ಕೆಳಗೆ ಪಟಾಲಮ್ಮ ಅಂತ ನನ್ನ ಸಹಿಯೂ ಇದೆ, ಇಲ್ಲವೆನ್ನುವುದಿಲ್ಲ. ಸಹಿ ಹಾಕಿಸಿಕೊಳ್ಳುವ ಮೊದಲು ಓದಿ ಹೇಳಿದಳೋ ಇಲ್ಲವೋ ನನಗೆ ನೆನಪಿಲ್ಲ. ನನಗೂ ಎಪ್ಪತ್ತೈದು ವರ್ಷವಾಯಿತು.

ಆಮೇಲೆ ಆಯುಧಪೂಜೆಗೆ ಮುಂಚೆ ನಿಮ್ಮ ಯೂನಿವರ್ಸಿಟಿಯ ಮೀಟಿಂಗಿನಲ್ಲಿ ಪಂಚಾಕ್ಷರಿ ಮೇಷ್ಟರು ಆ ಸಾಲನ್ನು ಗಟ್ಟಿಯಾಗಿ ಓದಿ, "ಐದು ವರ್ಷದಿಂದ ಕೆರೆ ಕೆರೆ ಅಂತ ಮಕ್ಕಳನ್ನ ಸುತ್ತಿಸ್ತಾ ಇದೀರಿ ಮೇಡಂ, ಕೋಡಿ ಬೀಳೋದು ಅಂದ್ರೆ ಏನು ಅಂತ ನಿಮಗೇ ಗೊತ್ತಿಲ್ವಾ?" ಅಂದರಂತೆ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರಂತೆ. ಅದಕ್ಕಿಂತ ಕೆಟ್ಟದ್ದು, ಕೆರೆ ಪಕ್ಕದಲ್ಲಿ ಲೇಔಟು ಮಾಡುವ ಎಂಜಿನಿಯರು ಅದೇ ಸಾಲಿಗೆ ಗೆರೆ ಎಳೆದು, ಕೋಡಿಯೇ ಇಲ್ಲದ ಕೆರೆಗೆ ಕಾಲುವೆ ಯಾಕೆ, ಮುಚ್ಚಿ ರಸ್ತೆ ಮಾಡುತ್ತೇವೆ ಅಂತ ಅರ್ಜಿ ಹಾಕಿದ್ದಾನಂತೆ. ನಿನ್ನ ಮಕ್ಕಳ ವರದಿಯನ್ನೇ ಸಾಕ್ಷಿ ಮಾಡಿಕೊಂಡು! ನಿನಗೆ ಊಟ ಸೇರದಿದ್ದದ್ದು ನಗುವಿಗಲ್ಲ, ಇದಕ್ಕೆ ಅಂತ ನನಗೆ ಗೊತ್ತು. ಅಷ್ಟು ನಿನ್ನನ್ನು ಬಲ್ಲೆ. ಆದರೂ ಓಡಿಹೋದದ್ದನ್ನು ಒಪ್ಪುವುದಿಲ್ಲ.

ನೀನು ಹೋದ ಮಾರನೇ ದಿನ ನೀಲಾಂಬಿಕಾ ಮನೆಗೆ ಬಂದಳು. ಕಣ್ಣು ಮೂಗು ಎಲ್ಲ ಕೆಂಪು. ಚಪ್ಪಲಿ ಬಿಡುವುದಕ್ಕೂ ಮುಂಚೆ, "ಅಜ್ಜಿ, ಬಿತ್ತು ಅಂದ್ರ ಬಿದ್ದು ಹೋತು ಅಂತ ಅಲ್ರೀ? ನಮ್ಮೂರಾಗ ಗ್ವಾಡಿ ಬಿತ್ತು ಅಂದ್ರ ಗ್ವಾಡಿ ಬಿದ್ದಂಗ. ನಾವು ಕೆರಿ ಎಲ್ಲಿ ಕಂಡೇವ್ರಿ, ಊರಿಗೆಲ್ಲ ಇರೂದು ಒಂದು ಬಾವಿ!" ಅಂದಳು. ನನಗೆ ನಗು ಬಂತು. ನಕ್ಕರೆ ನಾನೂ ಆ ಮೀಟಿಂಗಿನವರ ಜೊತೆ ಸೇರಿದಂತಾಗುತ್ತದೆ ಅಂತ ಮುದ್ದೆ ತಟ್ಟೆ ತಂದೆ. ನಿನ್ನ ಮದುವೆಗೆ ಅಂತ ನಿನ್ನಮ್ಮ ಕೂಡಿಟ್ಟಿರುವ ಹೊಸದಲ್ಲ, ಅಂಚು ಒಂದು ಕಡೆ ನೆಗ್ಗಿರುವ ಹಳೇ ಹಿತ್ತಾಳೆ ತಟ್ಟೆ. ಕಟ್ಟೆಯ ಮೇಲಿಟ್ಟು ಚೊಂಬಿನಲ್ಲಿ ನೀರು ಹುಯ್ಯುತ್ತಾ ಹೋದೆ. ತುಂಬಿತು, ತುಂಬಿತು, ನೆಗ್ಗಿದ ಕಡೆಯಿಂದ ಸಣ್ಣಗೆ ಹೊರಕ್ಕೆ ಬಿತ್ತು.

"ಏನೇ ಬಿದ್ದದ್ದು? ತಟ್ಟೆಯಾ?"

"ಇಲ್ರೀ, ನೀರು."

"ಆ ನೆಗ್ಗಿರೋ ಜಾಗ ಕೋಡಿ. ನೀರು ಅಲ್ಲಿಂದ ಹೊರಕ್ಕೆ ಬಿದ್ದರೆ ಕೆರೆ ಕೋಡಿ ಬಿತ್ತು ಅಂತೀವಿ. ಅಳೋ ಸುದ್ದಿಯಲ್ಲ ಕಣೇ ಅದು. ಊರಿಗೆಲ್ಲ ಹೋಳಿಗೆ ಊಟ."

ಹುಡುಗಿ ಚೊಂಬು ಕಿತ್ತುಕೊಂಡು ತಾನೇ ಇನ್ನೊಂದು ಸಲ ನೀರು ಹುಯ್ದು ನೋಡಿದಳು. ಆಮೇಲೆ ತನ್ನ ತಲೆಗೆ ತಾನೇ ಹೊಡೆದುಕೊಂಡು, "ಇದನ್ನ ಮೇಡಂ ಇಂಗ್ಲಿಷ್‌ನ್ಯಾಗ ನಾಕು ಕ್ಲಾಸು ಹೇಳ್ಯಾರ್ರೀ ಅಜ್ಜಿ, ನಾ ನೋಟ್ಸ್ ಬರ್ಕೊಂಡು ಪಾಸೂ ಆಗೇನಿ" ಅಂದಳು. ನಿನ್ನ ಪಾಠದ ಬಗ್ಗೆ ನಾನು ಏನೂ ಹೇಳುವುದಿಲ್ಲ. ತಟ್ಟೆ ಬೇಕಿದ್ದರೆ ಒಯ್ಯಿ.

ಮಾರನೇ ದಿನ ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ಬಂದಳು. ನನ್ನನ್ನು ಕೆರೆ ಏರಿ ಮೇಲೆ ನಡೆಸಿಕೊಂಡು ಹೋದರು. ಒಬ್ಬ ಕೊಡೆ ಹಿಡಿದ, ಒಬ್ಬಳು ನೀರಿನ ಬಾಟಲಿ, ಮಂತ್ರಿಗಳು ಬಂದ ಹಾಗಿತ್ತು. ತೂಬಿನ ಕಲ್ಲು ತೋರಿಸಿದೆ. ಹೂಳು ತುಂಬಿ ಅದರ ತಲೆ ಮಾತ್ರ ಕಾಣುತ್ತದೆ. ಕೋಡಿ ಬಿದ್ದ ದಿನ ಗಂಗಮ್ಮನಿಗೆ ಬಾಗಿನ ಬಿಟ್ಟ ಜಾಗ ತೋರಿಸಿದೆ, ಈಗ ಅಲ್ಲಿ ಟೈರಿನ ಅಂಗಡಿ. ಎಲ್ಲ ಬರೆದುಕೊಂಡರು. ಆಮೇಲೆ ನೀಲಾಂಬಿಕಾ, "ಹಂಗಾದ್ರ ಕೋಡಿ ಎಲ್ಲೈತ್ರಿ ಅಜ್ಜಿ?" ಅಂತ ಕೇಳಿದಳು.

ಆ ಹೊತ್ತಿಗೆ ನನಗೆ ಕಾಲು ನೋವು ಬಂತು. ವಾಪಸು ಬಂದೆವು.

ಮಕ್ಕಳು ಬಿಡಲಿಲ್ಲ. ಗುರುವಾರ ಶುಕ್ರವಾರ ಏರಿಯ ಉದ್ದಕ್ಕೂ ಹುಡುಕಿದರು. ಸಿಗಲಿಲ್ಲ. ಶನಿವಾರ ನಾನೇ ನೀಲಾಂಬಿಕಾಳ ಕೈ ಹಿಡಿದುಕೊಂಡು ನಿನ್ನ ಯೂನಿವರ್ಸಿಟಿಗೆ ಹೋದೆ. ನಿನಗೆ ಅವಮಾನವಾಗುತ್ತದೆ ಅಂತ ಗೊತ್ತು. ಆಗಲಿ. ಪಂಚಾಕ್ಷರಿ ಮೇಷ್ಟರು ನಾನು ಅಂದುಕೊಂಡ ಹಾಗೆ ರಾಕ್ಷಸನಲ್ಲ. ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು. "ಅಜ್ಜಿ, ಈ ವಯಸ್ಸಲ್ಲಿ ನೀವ್ಯಾಕೆ ಬರೋಕೆ ಹೋದ್ರಿ?" ಅಂದರು.

"ನೀವು ನಕ್ಕಿದ್ದಕ್ಕೆ ಬಂದೆ" ಅಂದೆ.

ಮುಖ ಚಿಕ್ಕದು ಮಾಡಿಕೊಂಡರು. ಅವರೂ ತುಮಕೂರು ಕಡೆ ಕೆರೆ ಕೆಳಗಿನ ಊರಿನವರಂತೆ. "ನಾನು ನಗಬಾರದಿತ್ತು ತಾಯಿ. ಆದ್ರೆ ಒಂದು ಮಾತು ಕೇಳಿ. ಕೋಡಿ ಬೀಳೋದು ಅಂದ್ರೇನು ಅಂತ ತಿದ್ದಿ ಬರೆದುಬಿಟ್ರೆ ಆ ಎಂಜಿನಿಯರ್ ಬಿಡ್ತಾನಾ? ಎಲ್ಲಿದೆ ತೋರ್ಸಿ ಅಂತಾನೆ. ನವೆಂಬರ್ ಆರಕ್ಕೆ ಮೀಟಿಂಗ್ ಇದೆ. ಕೋಡಿ ಎಲ್ಲಿತ್ತು ಅಂತ ನಿಮ್ಮ ಮೊಮ್ಮಗಳು ನಕ್ಷೆ ಮೇಲೆ ಬೆರಳಿಟ್ಟು ತೋರಿಸಿದ್ರೆ, ಕೋರ್ಸು ಇರಲಿ ಅಂತ ಮೊದಲು ಸಹಿ ಹಾಕೋನು ನಾನೇ. ತೋರಿಸದಿದ್ರೆ ನನ್ನ ಕೈಲಿ ಏನೂ ಇಲ್ಲ" ಅಂದರು.

ನ್ಯಾಯದ ಮಾತು. ನಾನು ಕಾಫಿ ಕುಡಿದು ಎದ್ದು ಬಂದೆ. ನೀಲಾಂಬಿಕಾ ನನ್ನನ್ನು ಮನೆ ತನಕ ಬಿಡಲು ಬಸ್ಸಿನಲ್ಲಿ ಜೊತೆಗೆ ಬಂದಳು. ಮಲ್ಲತ್ತಹಳ್ಳಿ ಸ್ಟಾಪಿನಲ್ಲಿ ಇಳಿಯುವಾಗ, "ಮೇಡಂ ನನ್ನ ಮ್ಯಾಲೆ ಸಿಟ್ಟಾಗ್ಯಾರೇನ್ರೀ?" ಅಂತ ಕೇಳಿದಳು. ನಾನು ಇಲ್ಲ ಅಂದೆ. ಸಿಟ್ಟಾಗಬೇಕಾದದ್ದು ಅವಳ ಮೇಲಲ್ಲ.

ಈಗ ನೀನು ಮಾಡಬೇಕಾದದ್ದು ಹೇಳುತ್ತೇನೆ. ಬಾಟನಿಗೆ ಹೋಗುತ್ತೇನೆ ಅನ್ನುವ ಅರ್ಜಿ ಬರೆಯಬೇಡ. ಬರೆದಿದ್ದರೆ ಹರಿದು ಹಾಕು. ಟ್ರೇನಿಂಗು ಇಪ್ಪತ್ತೆಂಟಕ್ಕೆ ಮುಗಿಯುತ್ತದೆ ಅಂತ ನಿನ್ನಮ್ಮ ಹೇಳಿದಳು. ಮುಗಿದ ದಿನವೇ ಹೊರಡು. ದೀಪಾವಳಿಗೆ ನೀನಿಲ್ಲದೆ ನೀರು ತುಂಬುವ ಹಬ್ಬ ಮಾಡಬೇಕಲ್ಲ ಅಂತ ನಿನ್ನಮ್ಮ ಅಳುಮುಖ ಮಾಡುತ್ತಾಳೆ. ನಾನು ಅಳುವುದಿಲ್ಲ. ಹಂಡೆ ಉಜ್ಜಿ ಇಟ್ಟಿದ್ದೇನೆ. ನೀನು ಬಂದ ದಿನವೇ ನಿನಗೆ ಎಣ್ಣೆ ನೀರು.

ನೀನು ಬರದಿದ್ದರೆ ಆರನೇ ತಾರೀಕು ನಾನೇ ಆ ಮೀಟಿಂಗಿಗೆ ಹೋಗಿ ಕೂರುತ್ತೇನೆ. ಹೋಗಲಾರೆ ಅಂದುಕೊಳ್ಳಬೇಡ, ಬಸ್ಸಿನ ನಂಬರು ಬಾಯಿಪಾಠ ಮಾಡಿದ್ದೇನೆ. ಆದರೆ ನಾನು ಹೋದರೆ ಅದು ಒಬ್ಬ ಮುದುಕಿಯ ಮಾತು. ನೀನು ಹೋದರೆ ಕೋರ್ಸಿನ ಮಾತು. ನಿನ್ನ ಮೇಲೆ ಹೊರೆ ಹಾಕುತ್ತಿದ್ದೇನೆ ಅಂತ ಬೇಜಾರು ಮಾಡಿಕೋ, ಪರವಾಗಿಲ್ಲ. ಹೊರುವವರ ಮೇಲೇ ಹೊರೆ ಹಾಕುವುದು.

ಆಶೀರ್ವಾದ ಕಡೆಗೆ ಕೊಡುತ್ತೇನೆ ಅಂದಿದ್ದೆನಾ? ಇಲ್ಲ, ಮನಸ್ಸಿನಲ್ಲಿ ಅಂದುಕೊಂಡಿದ್ದೆ. ತಗೋ, ನೂರು ವರ್ಷ ಬಾಳು. ಧಾರವಾಡದ ಚಳಿಗೆ ಸ್ವೆಟರು ಹಾಕಿಕೋ.

ನಿನ್ನನ್ನು ಬೈದು ಕೈ ಸೋತ,
ಪಟಾಲಮ್ಮ

ಮರೆತ ಮಾತು. ಮರೆತಿರಲಿಲ್ಲ, ಇಟ್ಟುಕೊಂಡಿದ್ದೆ.

ಆವತ್ತು ಏರಿ ಮೇಲೆ ನನಗೆ ಕಾಲು ನೋವಿರಲಿಲ್ಲ. ಮಾರ್ಚಿನಲ್ಲಿ ನೀಲಾಂಬಿಕಾ ಬರೆದದ್ದನ್ನು ಓದಿಯೂ ಹೇಳಿದ್ದಳು, ಎರಡೆರಡು ಸಲ. ಕೋಡಿ ಬಿದ್ದುಹೋಗಿದೆ, ಈಗ ಇಲ್ಲ ಅಂತ ಓದಿದಾಗ ತಪ್ಪು ಅಂತ ನನಗೆ ಆಗಲೇ ತಿಳಿಯಿತು. ನಿನ್ನಪ್ಪ ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಿದ. ನಾನು "ಹೂಂ, ಹಾಗೇ ಬರ್ಕೋಮ್ಮ" ಅಂದು ಸಹಿ ಹಾಕಿದೆ. ಆ ಹುಡುಗಿ ಪದ ತಿಳಿಯದೆ ತಪ್ಪು ಬರೆದಳು. ನಾನು ತಿಳಿದೂ ತಿಳಿದೂ ಸುಮ್ಮನಿದ್ದೆ. ನಿನ್ನನ್ನು ನೋಡಿ ನಕ್ಕವರೆಲ್ಲ ನಕ್ಕದ್ದು ನನ್ನ ಸುಳ್ಳಿಗೆ.

ನೀನು ಚಿಕ್ಕವಳಿದ್ದಾಗ ಈ ಒಗೆಯುವ ಕಲ್ಲಿನ ಮೇಲೆ ಕೂರಿಸಿ ನೀರು ಹುಯ್ಯುತ್ತಿದ್ದೆ. ಇದರಲ್ಲಿ ಮೂರು ಗೆರೆ ಯಾಕಜ್ಜಿ ಅಂತ ನೀನು ಕೇಳುತ್ತಿದ್ದೆ. ಬಟ್ಟೆಯ ಕೊಳೆ ಬಿಡಲಿ ಅಂತ ನಾನು ಅನ್ನುತ್ತಿದ್ದೆ. ಆ ಗೆರೆ ಕೊರೆಸಿದವರು ನಿನ್ನ ಮುತ್ತಾತ. ಕೆರೆಯ ನೀರು ಮೂರನೇ ಗೆರೆ ಮುಟ್ಟಿದರೆ ತಮಟೆ ಹೊಡೆದು ಊರಿಗೆ ಕೂಗುತ್ತಿದ್ದರು. ಇದು ಕೋಡಿಗಲ್ಲು ಜ್ಯೋತಿ. ಕೋಡಿಯ ಸಾಲಿನ ಕೊನೆಯ ಕಲ್ಲು, ಇದ್ದ ಜಾಗದಲ್ಲೇ ಇದೆ. ಮಿಕ್ಕ ಕಲ್ಲುಗಳು ಹಿತ್ತಿಲಿನ ನಾಲ್ಕು ಬಾಡಿಗೆ ರೂಮುಗಳ ತಳಪಾಯದಲ್ಲಿವೆ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ನಿನ್ನಪ್ಪ ಕಟ್ಟಿಸಿದ್ದು. ಗದ್ದೆ ಹೋಗಿತ್ತು, ಕೆರೆ ಒಣಗಿತ್ತು, ಇನ್ನೆಲ್ಲಿ ಬರುತ್ತೆ ನೀರು ಅಂದ. ನಾನೂ ಹೌದು ಅಂದೆ. ಆ ರೂಮುಗಳ ಬಾಡಿಗೆಯಲ್ಲೇ ನೀನು ಎಂ.ಎಸ್ಸಿ. ಓದಿದೆ. ಹೋದ ವರ್ಷ ನೀರು ಬಂತು. ನಮ್ಮನೆ ಮೆಟ್ಟಿಲ ತನಕ ಬಂದು, ದಾರಿ ಕಾಣದೆ ತಿರುಗಿ ರಾಮಮ್ಮನ ಮನೆಗೆ ಹೋಯಿತು.

ನಿನ್ನೆ ನಿನ್ನಪ್ಪನಿಗೆ ಹೇಳಿದೆ, ರೂಮು ಬಿಚ್ಚಿಸು ಅಂತ. "ತಲೆ ಕೆಟ್ಟಿದ್ಯೇನಮ್ಮ ನಿಂಗೆ?" ಅಂದ. ಜಾಗ ನನ್ನ ಹೆಸರಲ್ಲಿದೆ ಅಂತ ನೆನಪು ಮಾಡಿದೆ. ಊಟ ಬಿಟ್ಟಿದ್ದಾನೆ. ಊಟ ಬಿಡುವ ಬುದ್ಧಿ ನಿನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು. ಕೊನೆಯ ರೂಮಿನ ಅಕ್ಕವ್ವನಿಗೂ ಹೇಳಿದ್ದೇನೆ, ಬೇರೆ ಮನೆ ಸಿಗುವ ತನಕ ಗಂಡ ಮಕ್ಕಳ ಸಮೇತ ನಮ್ಮ ಹಾಲ್‌ನಲ್ಲೇ ಇರಿ ಅಂತ. ಬೆಳಿಗ್ಗೆ ಕಲ್ಲು ತೊಳೆದು ಅರಿಶಿನ ಕುಂಕುಮ ಇಟ್ಟೆ. ಇನ್ನು ಅದರ ಮೇಲೆ ಬಟ್ಟೆ ಒಗೆಯುವುದಿಲ್ಲ. ಕಾಗದ ಬರೆದದ್ದೇ ಕಡೆ.

ಮಕ್ಕಳಿಗೆ ನಾನು ಇನ್ನೂ ಹೇಳಿಲ್ಲ. ಪಂಚಾಕ್ಷರಿಗೂ ಹೇಳಿಲ್ಲ. ಅದು ನಿನ್ನ ವರದಿ, ನೀನು ಬರೆಯಬೇಕು. ಕೋಡಿ ಇರುವ ಜಾಗ ಅನ್ನುವ ಕಡೆ ನಮ್ಮ ಮನೆಯ ನಂಬರನ್ನು ನಿನ್ನ ಕೈಯಿಂದಲೇ ಬರೆ. ಸಾಕ್ಷಿ ಅನ್ನುವ ಕಡೆ ಮತ್ತೆ ಸಹಿ ಹಾಕುತ್ತೇನೆ, ಈ ಸಲ ನಾನೇ ಓದಿ.

ಬರೆಯುತ್ತೀಯೋ ಇಲ್ಲವೋ, ಅದೊಂದು ತಿಳಿಸು. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಗೆ ಬರಬೇಕು. ಫೋನಿನಲ್ಲಿ ಬೇಡ, ಕಾಗದದಲ್ಲಿ ಬರೆ.